ಗಿಡ ಸಾಯದಿದ್ದುದರ ವಿಚಾರಣೆ

ಕುಂದಾಪುರದ ದಾಖಲೆ ದೃಢೀಕರಣ ಕಚೇರಿಯಲ್ಲಿ ನಾಲ್ಕು ಗಿಡಗಳು ಸಾಯದೆ ಉಳಿದಿವೆ ಎಂಬ ಗಂಭೀರ ಆರೋಪ ಕಳೆದ ಆಗಸ್ಟಿನಲ್ಲಿ ಗಿರಿಜಾ ಅವರ ಮೇಲೆ ಬಂತು.

ಗಿರಿಜಾ ಆ ಕಚೇರಿಯ ಅಟೆಂಡರ್. ಬಾರ್ಕೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವರು. ಹನ್ನೊಂದು ವರ್ಷಗಳಿಂದ ತಾತ್ಕಾಲಿಕವಾಗಿದ್ದರು. ಅವರನ್ನು ಕಾಯಂ ಮಾಡುವ ಫೈಲು ಮೇಲಿನ ಕಚೇರಿಯಲ್ಲಿ ಪರಿಶೀಲನೆಯಲ್ಲಿತ್ತು. ಅಷ್ಟು ದೀರ್ಘವಾಗಿ ಪರಿಶೀಲನೆಗೊಳಗಾದ ವಸ್ತು ಆ ಇಲಾಖೆಯಲ್ಲಿ ಬೇರೊಂದಿರಲಿಲ್ಲ.

ಜೂನಿನಲ್ಲಿ ಒಳಾಂಗಣ ಹಸಿರೀಕರಣ ಅಭಿಯಾನ ಆರಂಭವಾಯಿತು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಮೂರೂ ಕಚೇರಿಗಳಿಗೆ ತಲಾ ನಾಲ್ಕು ಕುಂಡಗಳು ಬಂದವು: ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಲೋಳೆಸರ, ಪೀಸ್ ಲಿಲಿ. ಜೊತೆಗೆ ಸುತ್ತೋಲೆಯೂ ಬಂತು.

“ಪ್ರತಿ ಗಿಡಕ್ಕೂ, ಜಾತಿಭೇದವಿಲ್ಲದೆ, ಪ್ರತಿದಿನ ಬೆಳಿಗ್ಗೆ ಹತ್ತೂವರೆಗೆ ಅರ್ಧ ಲೀಟರ್ ನೀರು ಹಾಗೂ ತದನಂತರ ಒಂದೂವರೆ ಗಂಟೆ ಬೆಳಕು ಒದಗಿಸತಕ್ಕದ್ದು. ಮೋಡವಿದ್ದಲ್ಲಿ ಬೆಳಕಿನ ಅವಧಿಯನ್ನು ದುಪ್ಪಟ್ಟುಗೊಳಿಸತಕ್ಕದ್ದು. ಗಿಡದ ಪರವಾಗಿ ನೀರನ್ನು ನಿರಾಕರಿಸುವ ಅಧಿಕಾರ ಯಾವ ನೌಕರರಿಗೂ ಇರುವುದಿಲ್ಲ.”

ಕಚೇರಿಗೆ ಇದ್ದದ್ದು ಒಂದೇ ಕಿಟಕಿ. ಅದರ ಎದುರಿಗೇ ಸಾರ್ವಜನಿಕರ ಕೌಂಟರ್. ಹಾಗಾಗಿ ಬೆಳಕಿನ ಅವಧಿಯಲ್ಲಿ ಕೌಂಟರ್ ಮುಚ್ಚುವುದೆಂದು ಕಚೇರಿಯ ಮುಖ್ಯಸ್ಥ ಭೋಜರಾಜರು ತೀರ್ಮಾನಿಸಿ ಬೋರ್ಡು ಬರೆಸಿದರು: “ಗಿಡಗಳಿಗೆ ಬೆಳಕು ನೀಡಲಾಗುತ್ತಿದೆ. ಸಾರ್ವಜನಿಕರು ನೆರಳು ಬೀಳಿಸಬಾರದು.” ಅದು ಮಳೆಗಾಲವಾದ್ದರಿಂದ ಮೋಡ ಇರದ ದಿನವೇ ಇರಲಿಲ್ಲ. ಕೌಂಟರ್ ಮಧ್ಯಾಹ್ನದ ಊಟದ ವಿರಾಮಕ್ಕೆ ಸರಿಯಾಗಿ ತೆರೆಯುತ್ತಿತ್ತು, ಊಟದ ವಿರಾಮವಾದ್ದರಿಂದ ತಕ್ಷಣ ಮುಚ್ಚುತ್ತಿತ್ತು. ಮೊದಲ ವಾರ ಜನ ಗೊಣಗಿದರು. ಎರಡನೆಯ ವಾರ ಬುತ್ತಿ ತಂದರು.

ನೀರು ಹಾಕುವ ಕೆಲಸ ಗಿರಿಜಾ ಅವರಿಗೆ ಬಿತ್ತು. ಮೂರನೆಯ ದಿನವೇ ಅವರು ಸ್ನೇಕ್ ಪ್ಲಾಂಟಿನ ಮಣ್ಣಿಗೆ ಬೆರಳು ತೂರಿಸಿ ನೋಡಿದರು. ಗದ್ದೆಯ ಕೆಸರಿನ ಹಾಗಿತ್ತು. ನೇರ ಭೋಜರಾಜರ ಬಳಿ ಹೋದರು.

“ಸರ್, ಈ ಗಿಡಕ್ಕೆ ದಿನಾ ನೀರ್ ಹಾಕುಕಾಗ. ಹದಿನೈದ್ ದಿನಕ್ಕೊಂದ್ ಸಲ ಸಾಕ್. ಇಲ್ದಿರೆ ಬೇರ್ ಕೊಳ್ತ್ ಹೋತ್ತ್. ಲೋಳೆಸರಕ್ಕೂ ಹಾಂಗೆ. ಲಿಲಿ ಮಾತ್ರ ಬಾಯಾರ್ರೆ ತಲೆ ಬಗ್ಸತ್ತ್, ಆಗ ಕೊಟ್ರೆ ಆಯ್ತ್.”

ಭೋಜರಾಜರು ವಂಡ್ಸೆ ಕಡೆಯವರು. ಹುಟ್ಟಿದ್ದು ತೋಟದ ಮನೆಯಲ್ಲೇ. “ನಂಗೊತ್ತಿಲ್ಯಾ ಗಿರಿಜಕ್ಕ? ಆದ್ರೆ ಸುತ್ತೋಲೆಗೆ ಗೊತ್ತಿಲ್ಲೆ ಅಲ್ದಾ?” ಎಂದು ಕೇಳಿ, ಮುಂದಿನ ಕಾಗದಕ್ಕೆ ಸಹಿ ಹಾಕತೊಡಗಿದರು.

ಗಿರಿಜಾ ತಮಗೆ ಸರಿಕಂಡಂತೆ ಮಾಡಿದರು. ಲೋಳೆಸರವನ್ನು ಕಿಟಕಿಯ ಕಟ್ಟೆಗೆ ಏರಿಸಿದರು. ಸ್ನೇಕ್ ಪ್ಲಾಂಟನ್ನು ಯಾರೂ ಕೇಳದ ಮೂಲೆಗೆ ಇಟ್ಟರು. ಅದು ಅಲ್ಲಿ ಅತ್ಯಂತ ಸುಖವಾಗಿತ್ತು. ಲಿಲಿಗೆ ನೇರ ಬಿಸಿಲು ತಾಗದ ಜಾಗ ಹುಡುಕಿದರು. ಮಣ್ಣು ಒಣಗಿದರೆ ಮಾತ್ರ ನೀರು ಕೊಟ್ಟರು. ಇಷ್ಟೇ ಮಾಡಿದ್ದರೆ ಯಾವ ತೊಂದರೆಯೂ ಇರಲಿಲ್ಲ. ಅವರು ಅದನ್ನು ರಿಜಿಸ್ಟರಿನಲ್ಲಿ ಇದ್ದದ್ದು ಇದ್ದ ಹಾಗೆ ಬರೆದರು: “ಮಣ್ಣು ಒದ್ದೆ ಇತ್ತು. ನೀರು ಹಾಕಲಿಲ್ಲ.”

ಆಗಸ್ಟಿನಲ್ಲಿ ಮೇಲಿನ ಕಚೇರಿಯಿಂದ ತಪಾಸಣೆಗೆ ಪ್ರಫುಲ್ಲಾ ಮೇಡಂ ಬಂದರು. ಬೈಂದೂರಿನಲ್ಲಿ ನಾಲ್ಕಕ್ಕೆ ನಾಲ್ಕೂ ಗಿಡ ಕೊಳೆತುಹೋಗಿದ್ದವು. ರಿಜಿಸ್ಟರ್ ಪೂರ್ತಿ ತುಂಬಿದ್ದರಿಂದ ಶ್ಲಾಘನಾ ಪತ್ರ ಕೊಡಲಾಯಿತು. ಬ್ರಹ್ಮಾವರದಲ್ಲಿ ಗಿಡಗಳ ಜೊತೆ ಕುಂಡದ ಕೆಳಗಿನ ಮೇಜೂ ಕೊಳೆತಿತ್ತು. ಅದು ನಿರೀಕ್ಷೆಗೂ ಮೀರಿದ ಸಾಧನೆ ಎಂದು ದಾಖಲಾಯಿತು. ಕುಂದಾಪುರಕ್ಕೆ ಬಂದ ಮೇಡಂ ಬಾಗಿಲಲ್ಲೇ ನಿಂತರು.

“ಈ ಗಿಡಗಳು ಯಾಕೆ ಹಸಿರಾಗಿವೆ?”

“ನೀರ್ ಹಾಕದ್ದಕ್ಕೆ ಮೇಡಂ,” ಎಂದರು ಗಿರಿಜಾ.

ವಿಚಾರಣೆ ಅಲ್ಲೇ ಆರಂಭವಾಯಿತು. ಬರೆದುಕೊಳ್ಳಲು ಗುಮಾಸ್ತೆ ಅನಿಷಾ ಕುಳಿತಳು.

“ನಿಮಗೆ ಗಿಡಗಳ ಬಗ್ಗೆ ತಿಳಿವಳಿಕೆ ಇದೆಯೆ?”

“ಇತ್ತ್ ಮೇಡಂ.” ಕುಂದಾಪುರದಲ್ಲಿ ‘ಇತ್ತ್’ ಎಂದರೆ ‘ಇದೆ’ ಎಂದರ್ಥ.

“ಅದಕ್ಕೆ ಪ್ರಮಾಣಪತ್ರ?”

“ಅದಿಲ್ಲೆ.”

“ತಿಳಿವಳಿಕೆ ಇಲ್ಲ ಅಂತ ಬರೆದುಕೊಳ್ಳಿ, ಅನಿಷಾ. ಇನ್ನೊಂದು ಪ್ರಶ್ನೆ. ಗಿಡಗಳು ನೀರು ಬೇಡ ಅಂತ ನಿಮಗೆ ಲಿಖಿತವಾಗಿ ತಿಳಿಸಿದ್ದವೆ?”

“ಮೇಡಂ, ಮಣ್ಣ್ ಮುಟ್ಟಿ ಕಂಡ್ರೆ ಗೊತ್ತಾತ್ತ್. ಈ ಮಳೆಗೆ ಗೋಡೆಯೇ ಬೆವರತ್ತ್, ಗಿಡಕ್ಕೆ ಮತ್ತೆ ಎಂತಕೆ ನೀರ್?”

“ಮೌಖಿಕ ತಪ್ಪೊಪ್ಪಿಗೆ ಎಂದು ಬರೆಯಿರಿ.”

ಸಂಜೆಯೊಳಗೆ ನೋಟಿಸು ಸಿದ್ಧವಾಯಿತು. ನಿಗದಿತ ವಿಧಾನವನ್ನು ಉಲ್ಲಂಘಿಸಿ ನಾಲ್ಕು ಗಿಡಗಳನ್ನು ಜೀವಂತವಾಗಿರಿಸಿದ್ದು ಕರ್ತವ್ಯಲೋಪ. ತಿಂಗಳೊಳಗೆ ಸರಿಪಡಿಸದಿದ್ದಲ್ಲಿ ಕಾಯಮಾತಿಯ ಫೈಲನ್ನು ಶಾಶ್ವತವಾಗಿ ಮುಕ್ತಾಯಗೊಳಿಸಲಾಗುವುದು.

ಮೇಡಂ ಹೋದ ಮೇಲೆ ಭೋಜರಾಜರು ಕುರ್ಚಿ ಎಳೆದು ಹತ್ತಿರ ಕುಳಿತರು. ದನಿಯಲ್ಲಿ ನಿಜವಾದ ಕನಿಕರವಿತ್ತು. “ಗಿರಿಜಕ್ಕ, ಸುಮ್ನೆ ನೀರ್ ಹಾಕಿ ಕೊಂದ್ಬಿಡಿ ಮಾರಾಯ್ರೆ. ಗಿಡ ಹೋರೆ ಬೇರೆ ಬತ್ತ್. ನಿಮ್ ಫೈಲ್ ಹೋರೆ ಬತ್ತಿಲ್ಲೆ.”

ಮರುದಿನ ಹತ್ತೂವರೆಗೆ ಗಿರಿಜಾ ಅರ್ಧ ಲೀಟರಿನ ಅಳತೆಪಾತ್ರೆ ಹಿಡಿದು ಸ್ನೇಕ್ ಪ್ಲಾಂಟಿನ ಮುಂದೆ ನಿಂತರು. ಹನ್ನೊಂದು ವರ್ಷ ಈ ಕಚೇರಿಯ ನೆಲ ಒರೆಸಿದ್ದರು, ಚಹಾ ತಂದಿದ್ದರು, ಕಾಯಂ ಆಗಿ ನಿವೃತ್ತರಾದವರ ಬೀಳ್ಕೊಡುಗೆಗೆ ಹಾರ ಕಟ್ಟಿದ್ದರು. ಕೈ ಬಗ್ಗಿಸಿದರೆ ಮುಗಿಯಿತು. ಪಕ್ಕದಲ್ಲಿ ಲಿಲಿ ಆಗ ತಾನೆ ಒಂದು ಬಿಳಿ ಮೊಗ್ಗನ್ನು ಹೊರಗೆ ಚಾಚಿತ್ತು. ಗಿರಿಜಾ ನೀರನ್ನು ತಾವೇ ಕುಡಿದರು.

ಅಂದು ಸಂಜೆ ಸ್ನೇಕ್ ಪ್ಲಾಂಟನ್ನು ಬೇರುಸಮೇತ ಎಬ್ಬಿಸಿ, ಪೇಪರಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು ಬಾರ್ಕೂರಿನ ಬಸ್ಸು ಹತ್ತಿದರು. ಮಾರನೆಯ ದಿನ ಲೋಳೆಸರ. ಅದರ ಮಾರನೆಯ ದಿನ ಮನಿ ಪ್ಲಾಂಟ್. ಲಿಲಿಯನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಂಡು ಹೋದರು. ಕಂಡಕ್ಟರ್ “ಎಂತ ಗಿರಿಜಕ್ಕ, ಕಚೇರಿಯೇ ಮನಿಗ್ ಹೊತ್ಕಂಡ್ ಹೋತ್ರ್ಯಾ?” ಎಂದು ಕೇಳಿದ್ದಕ್ಕೆ, “ಇಲ್ಲೆ ಮಾರಾಯ, ಬದ್ಕಿದ್ದದ್ದ್ ಮಾತ್ರ,” ಎಂದರು.

ಕಚೇರಿಯಲ್ಲಿ ಉಳಿದದ್ದು ನಾಲ್ಕು ಕುಂಡ ಮಣ್ಣು. ಗಿರಿಜಾ ಅವಕ್ಕೆ ದಿನಾ ಹತ್ತೂವರೆಗೆ ತಲಾ ಅರ್ಧ ಲೀಟರ್ ನೀರು ಹಾಕಿದರು. ಬೆಳಕಿಗೆ ಇಟ್ಟರು. ರಿಜಿಸ್ಟರಿನಲ್ಲಿ ನಾಲ್ಕೂ ಹೆಸರಿನ ಮುಂದೆ ಸಹಿ ಹಾಕಿದರು. ಒಂದೂ ದಿನ ತಪ್ಪಲಿಲ್ಲ.

ಸೆಪ್ಟೆಂಬರಿನಲ್ಲಿ ಮೇಡಂ ಮತ್ತೆ ಬಂದರು. ಮೇಡಂ ಮೊದಲ ಕುಂಡದೊಳಗೆ ಬಗ್ಗಿ ನೋಡಿದರು. ಎರಡನೆಯದರೊಳಗೆ ನೋಡಿದರು. ನಂತರ ಬಹಳ ಹೊತ್ತು ರಿಜಿಸ್ಟರ್ ನೋಡಿದರು.

“ಬೈಂದೂರಿನಲ್ಲೂ ಹೀಗೇ ಇದೆ,” ಎಂದರು ಕೊನೆಗೆ. “ಬ್ರಹ್ಮಾವರದಲ್ಲೂ ಹೀಗೇ ಇದೆ. ಈಗ ಮೂರೂ ಕಚೇರಿಗಳಲ್ಲಿ ಏಕರೂಪತೆ ಬಂದಿದೆ.” ಗಿರಿಜಾ ಅವರ ಕೈ ಕುಲುಕಿದರು.

ಹತ್ತು ದಿನಗಳಲ್ಲಿ ಕಾಯಮಾತಿಯ ಆದೇಶ ಬಂತು. ಭೋಜರಾಜರು ಎಲ್ಲರಿಗೂ ಚಹಾ ತರಿಸಿದರು. ತರಲು ಹೋದದ್ದು ಗಿರಿಜಾ ಅವರೇ, ಆದರೆ ಈ ಸಲ ಕಾಯಂ ನೌಕರರಾಗಿ. ಲಿಲಿ ಬಾರ್ಕೂರಿನ ಜಗಲಿಯಲ್ಲಿ ಅಷ್ಟರಲ್ಲಿ ಮೂರು ಹೂ ಬಿಟ್ಟಿತ್ತು. ಅದನ್ನು ಅವರು ಯಾವ ರಿಜಿಸ್ಟರಿನಲ್ಲೂ ಬರೆಯಲಿಲ್ಲ.

ಅಭಿಯಾನ ಈಗಲೂ ನಡೆಯುತ್ತಿದೆ. ಮೊನ್ನೆ ಕೋಟದಿಂದ ರತ್ನ ಎಂಬ ಹೆಂಗಸು ಜಾಗದ ಕಾಗದಕ್ಕೆ ಮೊದಲ ಸಲ ಬಂದಿದ್ದರು. ಮುಚ್ಚಿದ ಕೌಂಟರಿನ ಮುಂದೆ ಸ್ವಲ್ಪ ಹೊತ್ತು ನಿಂತು, ಕುಂಡಗಳೊಳಗೆ ಇಣುಕಿ, “ಇದ್ರಗೆ ಎಂತದೂ ಇಲ್ಲೆ ಅಲ್ದಾ?” ಎಂದರು.

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ದೋಣಿಯ ಕಾಗದಕ್ಕಾಗಿ ಜೂನಿನಿಂದ ಬರುತ್ತಿರುವ ಚಂದಯ್ಯ ಬುತ್ತಿಯ ಮುಚ್ಚಳ ಹಾಕಿ, “ಹಾಂಗ್ ಹೇಳ್ಬೇಡಿ ಅಮ್ಮ. ನಾಲ್ಕೂ ಲಾಯ್ಕ್ ಇತ್ತ್. ರಿಜಿಸ್ಟ್ರಂಗೆ ಬರ್ದಿತ್ತ್,” ಎಂದರು.

ರತ್ನ ಬೆಂಚಿನ ಮೇಲೆ ಕುಳಿತರು. ಒಂದು ಗಂಟೆ ಕಳೆಯಿತು. ಹೊರಗೆ ಮೋಡವಿತ್ತು.

“ಅಕ್ಕಾ,” ಎಂದು ಅವರು ಗಿರಿಜಾ ಅವರನ್ನು ಮೆಲ್ಲನೆ ಕೇಳಿದರು, “ಇದ್ರಗೆ ಹೂ ಬಿಡೂದ್ ಯಾವ್ದ್?”

ಗಿರಿಜಾ ನಾಲ್ಕನೆಯ ಕುಂಡ ತೋರಿಸಿದರು. ರತ್ನ ಎದ್ದು ಹೋಗಿ, ನೆರಳು ಬೀಳದ ಹಾಗೆ ಬದಿಯಲ್ಲಿ ನಿಂತು ನೋಡಿದರು.

“ಚಂದ ಇತ್ತ್,” ಎಂದರು.