ಹೆಂಡತಿಯ ಕೆಮಿಸ್ಟ್ರಿಯೂ ನನ್ನ ಕನ್ನಡಕವೂ

ನಮ್ಮ ಮನೆಯಲ್ಲಿ ಯಾರಾದರೂ ಗಂಭೀರವಾಗಿ ಕೆಲಸಕ್ಕೆ ಕುಳಿತರೆ ಸಾಕು, ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಅಂಥ ಹೊತ್ತಿನಲ್ಲೆಲ್ಲ ನಾನು ಹತ್ತಿರದಲ್ಲೇ ಇರುತ್ತೇನೆ ಎಂಬುದು ಬರೀ ಕಾಕತಾಳೀಯ.

ಅವಧಿ ಮುಗಿದ ಕೆಮಿಸ್ಟ್ರಿ

ನನ್ನ ಹೆಂಡತಿ ದೋಹಾದಲ್ಲಿ ಐಸಿಯು ನರ್ಸ್. ಅಮೆರಿಕದ ಕಾಲೇಜೊಂದರಲ್ಲಿ ಓದಿ ಅರಿವಳಿಕೆ ಕೊಡುವ ನರ್ಸ್ ಆಗಬೇಕೆಂಬುದು ಅವಳ ಬಹುದಿನದ ಆಸೆ. ಐಸಿಯು ಅನುಭವ ಧಾರಾಳ ಇತ್ತು. ಆದರೆ ಕಾಲೇಜಿನವರು, "ನಿಮ್ಮ ಕೆಮಿಸ್ಟ್ರಿ ಬಹಳ ಹಳೆಯದು. ನಮ್ಮಲ್ಲೇ ಆನ್‌ಲೈನಲ್ಲಿ ಮತ್ತೆ ಕಲಿತು ಬಿ ಗ್ರೇಡಾದರೂ ತೆಗೆಯಿರಿ, ಇಲ್ಲವಾದರೆ ಸೀಟಿಲ್ಲ" ಎಂದರು.

"ಐಡಿ ರಿನ್ಯೂ ಗೊತ್ತು, ಲೈಸೆನ್ಸ್ ರಿನ್ಯೂ ಗೊತ್ತು. ಇದೆಂತ ಮಾರಾಯ್ತಿ, ಕೆಮಿಸ್ಟ್ರಿ ರಿನ್ಯೂ? ನಮ್ಮ ಮದುವೆಯೂ ಅಷ್ಟೇ ಹಳೆಯದು, ಅದು ನಡೀತದಾ?" ಎಂದೆ.

"ಅದಕ್ಕೂ ರಿನ್ಯೂವಲ್ ಇದ್ದಿದ್ರೆ ನಾನು ಯಾವತ್ತೋ ಖಲಾಸ್ ಅಂತಿದ್ದೆ."

ಕಡ್ಡಿ ಚುಚ್ಚಿದ ಖರ್ಜೂರ

ಪರೀಕ್ಷೆ ಹತ್ತಿರ ಬಂತು. ಖರ್ಜೂರಗಳಿಗೆ ಕಡ್ಡಿ ಚುಚ್ಚಿ, ಉಂಗುರದ ಹಾಗೆ ಜೋಡಿಸಿ, ಬೆಂಜೀನ್ ಅಣುವಿನ ಮಾದರಿ ಮಾಡಿ ತಟ್ಟೆಯಲ್ಲಿಟ್ಟಿದ್ದಳು. ದೋಹಾದ ಹಳೇ ಪೇಟೆ ಸೂಕ್ ವಾಕಿಫ್‌ನಲ್ಲಿ ಖರ್ಜೂರದ ಅಂಗಡಿಯಿಟ್ಟಿರುವ ನಮ್ಮೂರ ಬ್ಯಾರಿ ಗೆಳೆಯ ಚಹಾಕ್ಕೆ ಬಂದ. ತಟ್ಟೆಯನ್ನು ಅವನ ಮುಂದೆ ಸರಿಸಿದವರು ಯಾರೋ, ನನಗೆ ನೆನಪಿಲ್ಲ.

ಹೆಂಡತಿ ಅಡುಗೆಮನೆಯಿಂದ ಬರುವಾಗ ಬರೀ ಕಡ್ಡಿ ಉಳಿದಿತ್ತು. "ಅಯ್ಯೋ, ಅದು ನಾಳೆಯ ಬೆಂಜೀನ್!" ಎಂದು ಕಿರುಚಿದಳು.

ಗೆಳೆಯ ಬೆರಳು ಚೀಪುತ್ತಾ, "ಹೌದಾ ಅಕ್ಕಾ? ಈ ಜಾತಿ ನಮ್ಮ ಅಂಗಡಿಯಲ್ಲಿಲ್ಲ. ಹೋಲ್‌ಸೇಲ್ ಎಲ್ಲಿ ಸಿಗ್ತದೆ?" ಎಂದ.

ಇನ್ನೊಂದು ಹನಿ

ಪ್ರಯೋಗವನ್ನೂ ಮನೆಯಲ್ಲೇ ಮಾಡಿ ವಿಡಿಯೋ ಕಳಿಸಬೇಕು. ಆಸಿಡ್ಡಿಗೆ ಹನಿಹನಿಯಾಗಿ ಬೇಸ್ ಬಿಡುತ್ತಾ, ತೆಳು ಗುಲಾಬಿ ಬಂದ ಕೂಡಲೇ ನಿಲ್ಲಿಸಬೇಕು. ಹನಿ ಜಾಸ್ತಿಯಾದರೆ ಗ್ರೇಡ್ ಹೋಯಿತು. ಕಾಲೇಜಿನವರು ಕಳಿಸಿದ್ದ ಕಿಟ್‌ನಲ್ಲಿ ಇದ್ದದ್ದೋ ಒಂದೇ ಸಲಕ್ಕೆ ಸಾಲುವಷ್ಟು ಸಾಮಾನು.

ನಾನು ಊರಿನ ಪುನರ್ಪುಳಿ ಶರಬತ್ತನ್ನು ಅವಳ ದ್ರಾವಣದ ಹಾಗೇ ಕಾಣಲೆಂದು ತೆಳು ಗುಲಾಬಿಯಾಗಿ ಬೆರೆಸಿಕೊಂಡು ಅವಳ ಪಕ್ಕ ನಿಂತೆ. ಗಟಗಟ ಕುಡಿದು, "ಅಯ್ಯೋ, ನಿನ್ನ ಆಸಿಡ್ ಕುಡಿದೆ!" ಎಂದು ಧೊಪ್ಪನೆ ಬಿದ್ದೆ.

ಅವಳ ಕೈ ಅಲುಗಲಿಲ್ಲ. "ಇನ್ನೊಂದು ಹನಿ..." ಗುಲಾಬಿ ಬಂತು. ಫೋನಿನ ರೆಕಾರ್ಡಿಂಗ್ ಆಫ್ ಮಾಡಲು ನನ್ನನ್ನು ದಾಟಿಕೊಂಡು ಹೋಗುತ್ತಾ ಹೇಳಿದಳು: "ಹೇಗೂ ಬಿದ್ದಿದ್ದೀರಿ, ಆ ಮೂಲೆಯವರೆಗೆ ಉರುಳಿ. ನೆಲ ಒರೆಸಿದ ಹಾಗಾಗ್ತದೆ."

ಸಂದರ್ಶನ

ಗ್ರೇಡ್ ಬಂತು. ಕೊನೆಗೆ ಉಳಿದದ್ದು ಆನ್‌ಲೈನ್ ಸಂದರ್ಶನ. ನಾನು ಬಾಗಿಲ ಹಿಂದೆ ನಿಂತಿದ್ದೆ, ಗಾಳಿಗೆ. ಲ್ಯಾಪ್‌ಟಾಪಿನಲ್ಲಿ ಸಾಲಾಗಿ ಕುಳಿತವರ ನಡುವೆ ಅವಳಿಗೆ ಪಾಠ ಮಾಡಿ ಗ್ರೇಡ್ ಕೊಟ್ಟ ಕೆಮಿಸ್ಟ್ರಿ ಮೇಡಮ್ಮೂ ಇದ್ದರು!

"ನಿಮ್ಮ ವಿಡಿಯೋ ಎಲ್ಲರೂ ನೋಡಿದ್ದೇವೆ" ಎಂದರು ಮೇಡಂ. "ಕಾಲಬುಡದಲ್ಲಿ ಒಬ್ಬ ಮನುಷ್ಯ ಬಿದ್ದರೂ ನೀವು ತಿರುಗಿ ನೋಡಲಿಲ್ಲ. ನಿಮ್ಮ ಕೈಗೆ ರೋಗಿಯನ್ನು ಹೇಗೆ ಒಪ್ಪಿಸುವುದು?"

ನನ್ನ ಒಂದು ಲೋಟ ಶರಬತ್ತಿನಿಂದ ಅವಳ ಸೀಟು ಹೋಯಿತಲ್ಲ!

ಅವಳು ಶಾಂತವಾಗಿ ಹೇಳಿದಳು: "ಕಡೆಗಣ್ಣಲ್ಲಿ ನೋಡಿದ್ದೆ ಮೇಡಂ. ಬೀಳುವ ಮೊದಲು ಅವರು ಕನ್ನಡಕ ತೆಗೆದು, ಮಡಚಿ, ಫ್ರಿಜ್ಜಿನ ಮೇಲಿಟ್ಟರು. ಪ್ರಜ್ಞೆ ತಪ್ಪುವವರು ಹಾಗೆ ಮಾಡಿದ್ದನ್ನು ಐಸಿಯುನಲ್ಲಿ ನಾನಿನ್ನೂ ಕಂಡಿಲ್ಲ."

ಅಲ್ಲಿ ಎದ್ದ ನಗುವಿಗೆ ಇಲ್ಲಿ ಲ್ಯಾಪ್‌ಟಾಪ್ ಅಲುಗಿತು. ಸೀಟು ಸಿಕ್ಕಿತು. ಅದು ನನ್ನಿಂದಲೇ ಎಂದು ನಮ್ಮ ಬಡಾವಣೆ ಅಲ್ ಗರಾಫಾ ತುಂಬಾ ಹೇಳಿಕೊಂಡು ಬಂದಿದ್ದೇನೆ. ಅಂದಿನಿಂದ ಕನ್ನಡಕ ಹಾಕಿಕೊಂಡೇ ಬೀಳುವ ಅಭ್ಯಾಸ ನಡೆದಿದೆ. ಆಗಲೇ ಎರಡು ಫ್ರೇಮು ಹೋಯಿತು.