ತಾಯಂದಿರ ಕೋಣೆಯ ತಾನಾಗಿ ಆರುವ ದೀಪಕ್ಕೆ

ನಮ್ಮ ಕಚೇರಿಯ ಎರಡನೇ ಮಹಡಿಯಲ್ಲಿ, ತಾಯಂದಿರ ಕೋಣೆಯ ಚಾವಣಿಯನ್ನು ಅಲಂಕರಿಸಿರುವ ಸ್ವಯಂಚಾಲಿತ ದೀಪ ಮಹಾಶಯರೇ,

ತಾವು ಮೇಲೆ ಕ್ಷೇಮವಾಗಿದ್ದೀರೆಂದು ನಂಬಿ, ದಿನವೂ ಮಧ್ಯಾಹ್ನ ತಮ್ಮ ಕೆಳಗೆ ಬಂದು ಕೂರುವ ಲೆಕ್ಕಪತ್ರ ವಿಭಾಗದ ಗುಮಾಸ್ತೆಯಾದ ನಾನು ಈ ಅಹವಾಲನ್ನು ಅರಿಕೆ ಮಾಡಿಕೊಳ್ಳುತ್ತಿದ್ದೇನೆ. ತಮಗೆ ನನ್ನ ಪರಿಚಯ ಇರಲಾರದು. ಅಲುಗಾಡಿದರೆ ಮಾತ್ರ ಕೋಣೆಯಲ್ಲಿ ಯಾರೋ ಇದ್ದಾರೆ ಎಂಬುದು ತಮ್ಮ ಸಿದ್ಧಾಂತ, ನಾನೋ ಅಲ್ಲಿಗೆ ಬರುವುದೇ ಅಲುಗಾಡದೆ ಕೂರಲು.

ನನಗೆ ಮೂರು ತಿಂಗಳ ಮಗಳಿದ್ದಾಳೆ. ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ಬೇರೇನೂ, ನೀರು ಕೂಡ, ಬೇಡವೆಂದು ಡಾಕ್ಟರಮ್ಮ ಹೇಳಿದ್ದನ್ನು ನಾನು ಹಟ ಹಿಡಿದು ಪಾಲಿಸುತ್ತಿರುವುದರಿಂದ, ನಮ್ಮತ್ತೆ ಅವಳನ್ನು ಎತ್ತಿಕೊಂಡು ಊಟದ ವಿರಾಮಕ್ಕೆ ಸರಿಯಾಗಿ ಬಸ್ಸಿನಲ್ಲಿ ಬರುತ್ತಾರೆ. ಮಗಳು ಮೊದಲು ಗೋಳಾಡಿ, ಆಮೇಲೆ ತಡಕಾಡಿ, ಅಂತೂ ಕಣ್ಣು ಮುಚ್ಚಿ ಕುಡಿಯತೊಡಗಿದ ಕೂಡಲೇ, ಕೋಣೆಯಲ್ಲಿ ಯಾರೂ ಇಲ್ಲವೆಂದು ತೀರ್ಮಾನಿಸಿ ತಾವು ಆರಿಬಿಡುತ್ತೀರಿ. ಕಿಟಕಿಯಿಲ್ಲದ ಆ ಕತ್ತಲಲ್ಲಿ ನಾನು ಬಸ್ಸು ನಿಲ್ಲಿಸುವವಳಂತೆ ಕೈ ಬೀಸಿದರೆ ತಾವು ದಯಮಾಡಿ ಬೆಳಗುತ್ತೀರಿ, ಅವಳು ಬೆಚ್ಚಿ ಬಾಯಿ ಬಿಡುತ್ತಾಳೆ, ಗೋಳು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ವಿದ್ಯುತ್ ಉಳಿತಾಯದಲ್ಲಿ ತಮಗಿರುವ ಶ್ರದ್ಧೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಹಾಲು ಚೆಲ್ಲಿಹೋಗುವುದು ತಮ್ಮ ವಿಭಾಗಕ್ಕೆ ಸೇರಿದ್ದಲ್ಲ.

ರಿಪೇರಿಯವನನ್ನು ಕೇಳಿದ್ದಕ್ಕೆ "ಸೆಟ್ಟಿಂಗ್ ಮುಟ್ಟೋ ಹಾಗಿಲ್ಲ ಮೇಡಂ, ಮೇಲಿನವರ ಆರ್ಡರು" ಎಂದ. "ಅರೆಹೊಟ್ಟೇಲಿ ಎಷ್ಟು ದಿನ ಇರತ್ತಮ್ಮ ಕೂಸು, ಒಂದು ಬಾಟ್ಲಿ ತಂದ್ಬಿಡು" ಎನ್ನುತ್ತಿದ್ದ ಅತ್ತೆಯೇ, ನಾನು ಜಗ್ಗದಿದ್ದುದನ್ನು ಕಂಡು, ಟವೆಲ್ ಬೀಸುತ್ತಾ ನಮ್ಮಿಬ್ಬರ ಸುತ್ತ ನಡೆದು ತಮ್ಮನ್ನು ಎಚ್ಚರವಾಗಿಟ್ಟರು. ಎರಡು ದಿನ ಮಗು ಹೊಟ್ಟೆ ತುಂಬ ಕುಡಿಯಿತು. ಅಷ್ಟರಲ್ಲಿ ಅವರ ಮಂಡಿ ಊದಿಕೊಂಡಿತು.

ಆದ್ದರಿಂದ ತಾವು ಕೃಪೆ ಮಾಡಿ ಮ್ಯಾನೇಜರ್ ಸಾಹೇಬರ ಕೋಣೆಗೆ ವರ್ಗ ಮಾಡಿಸಿಕೊಳ್ಳಬೇಕು. ಅಲ್ಲಿ ಊಟವಾದ ಮೇಲೆ ಸಂಜೆಯವರೆಗೆ ಏನೂ ಅಲುಗಾಡದ ಕಾರಣ ತಮ್ಮ ಉಳಿತಾಯ ಗಗನಕ್ಕೇರುವುದು ಖಂಡಿತ. ಅದು ಆಗದಿದ್ದಲ್ಲಿ, ಹಾಲು ಕುಡಿಯುತ್ತಲೇ ಕವಾಯತು ಮಾಡುವ ಕಲೆಯನ್ನು ನನ್ನ ಮಗಳಿಗೆ ತಾವೇ ಕಲಿಸಿಕೊಡಬೇಕು.

ಇಷ್ಟು ಬರೆದಿಟ್ಟಿದ್ದೆ, ಅಷ್ಟರಲ್ಲಿ ನಿನ್ನೆ ಬೆಳಿಗ್ಗೆ ಸಾಹೇಬರ ಆದೇಶ ಬಂತು. ದಿನಕ್ಕೆ ಎಷ್ಟು ಹೊತ್ತು ಬೆಳಗಿದಿರೆಂದು ತಾವು ಸಲ್ಲಿಸಿದ ವರದಿಯ ಪ್ರಕಾರ ತಾಯಂದಿರ ಕೋಣೆಯನ್ನು ಯಾರೂ ಬಳಸುತ್ತಿಲ್ಲವಂತೆ, ಸೋಮವಾರದಿಂದ ಅಲ್ಲಿ ಕೆಟ್ಟುಹೋದ ಪ್ರಿಂಟರುಗಳನ್ನು ಇಡುತ್ತಾರಂತೆ. ದಿನವೂ ನಾನೇ ಕೂರುತ್ತೇನೆಂದು ಹೋಗಿ ಹೇಳಿದೆ. "ಮೆಷಿನ್ನು ಸುಳ್ಳು ಹೇಳತ್ತೇನಮ್ಮ?" ಎಂದು ಕೇಳಿದರು. ಸೋಮವಾರದ ಹೊತ್ತಿಗೆ ಅಭ್ಯಾಸವಾಗಲೆಂದು ನಿನ್ನೆ ಸಂಜೆಯೇ ಬಾಟಲಿ ತಂದೆವು, ಮಗಳು ಗಟಗಟನೆ ಕುಡಿದಳು.

ಎಂದೂ ತಮ್ಮ ಕಣ್ಣಿಗೆ ಬೀಳದ,
ತಮ್ಮ ವಿಶ್ವಾಸಿ,
ಲೆಕ್ಕಪತ್ರ ವಿಭಾಗದ ಮೂಲೆ ಮೇಜಿನವಳು

ಮರೆತ ಮಾತು: ಇಂದು ಮಧ್ಯಾಹ್ನ ಹಾಲು ಕಟ್ಟಿ ಎದೆ ಕಲ್ಲಾಗಿ ನೋಯುತ್ತಿತ್ತೆಂದು, ಮಗಳಿಲ್ಲದೆ ಒಬ್ಬಳೇ ಬಂದು ಅದೇ ಕುರ್ಚಿಯಲ್ಲಿ ಕೂತು ವಿರಾಮ ಮುಗಿಯುವವರೆಗೂ ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ತಾವು ಒಂದು ಸಲವೂ ಆರಲಿಲ್ಲ. ಭುಜ ಅಷ್ಟು ಕುಲುಕಿದರೆ ಸಾಕೆಂದು ಮೊದಲೇ ತಿಳಿಸಿದ್ದರೆ ಅತ್ತೆಯ ಮಂಡಿಯಾದರೂ ಉಳಿಯುತ್ತಿತ್ತು.