ಲೋತ್ ಜಿಲ್ಲೆಯ ಎರಡು ಕುದುರೆಗಳು

ನನಗೆ ಪ್ರವಾಸ ಹೋಗುವುದಕ್ಕಿಂತ ಪ್ರವಾಸದ ಪ್ಲಾನ್ ಮಾಡುವುದರಲ್ಲೇ ಹೆಚ್ಚು ಸುಖ. ಇದನ್ನು ನನ್ನ ಹೆಂಡತಿ ಸುಧಾ ಮದುವೆಯಾದ ಹೊಸದರಲ್ಲೇ ಕಂಡುಹಿಡಿದಿದ್ದಳು. ನಾನು ಒಪ್ಪಿಕೊಳ್ಳಲು ಇಪ್ಪತ್ತೆರಡು ವರ್ಷ ಹಿಡಿಯಿತು. ಈ ಪರದೇಶದಲ್ಲಿ, ವಾರದ ದಿನಗಳಲ್ಲಿ ನಮ್ಮ ಊರು ಅಲೆನ್‌ನಿಂದ ಪಕ್ಕದ ಪ್ಲೇನೋವರೆಗೆ ಕಾರು ಓಡಿಸಿಕೊಂಡು ಹೋಗಿ, ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ವಾರಾಂತ್ಯದಲ್ಲಿ ಅದೇ ಕೆಲಸವನ್ನು ಬೇರೆಯವರ ಪ್ರವಾಸಗಳ ಮೇಲೆ ಮಾಡುತ್ತೇನೆ. ಕ್ಯಾರಲ್ಟನ್‌ನಿಂದ ಯೂಲೆಸ್‌ವರೆಗೆ ಯಾವ ಕನ್ನಡದ ಮನೆಯವರು ಎಲ್ಲಿಗೆ ಹೊರಟರೂ ಮೊದಲು ನನಗೆ ಫೋನು ಬರುತ್ತದೆ. ಎಲ್ಲಿ ಪಾರ್ಕ್ ಮಾಡಬೇಕು, ಟಾಯ್ಲೆಟ್ ಎಷ್ಟು ದೂರ, ಸಂಜೆಯ ಮೇಲೆ ಅನ್ನ ಎಲ್ಲಿ ಸಿಗುತ್ತದೆ, ಎಲ್ಲವೂ ನನ್ನ ಎಕ್ಸೆಲ್ ಹಾಳೆಯಲ್ಲಿ ಇರುತ್ತದೆ. ಒಂದು ಕುಟುಂಬಕ್ಕೆ ಒಂದೇ ದಿನದಲ್ಲಿ ನಾಲ್ಕು ಜಲಪಾತ ತೋರಿಸುವ ಪ್ಲಾನ್ ಮಾಡಿಕೊಟ್ಟಿದ್ದೆ. ಅವರು ಆಮೇಲೆ ನನ್ನ ಹತ್ತಿರ ಮಾತಾಡಿಲ್ಲ. ಏನೋ ಬಿಜಿ ಇರಬೇಕು ಎಂದುಕೊಂಡಿದ್ದೇನೆ.

ಈ ಖ್ಯಾತಿಯನ್ನು ನಂಬಿ ಬಂದವರು ವತ್ಸಲಾ ಆಂಟಿ. ಮೈಸೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಮೂವತ್ತು ವರ್ಷ ಫ್ರೆಂಚ್ ಪಾಠ ಮಾಡಿ, ನಿವೃತ್ತರಾಗಿ, ಕ್ಯಾರಲ್ಟನ್‌ನಲ್ಲಿ ಮಗಳು ರೇಖಾಳ ಮನೆಯಲ್ಲಿದ್ದರು. ಫ್ರಾನ್ಸಿಗೆ ಒಮ್ಮೆಯೂ ಹೋಗಿರಲಿಲ್ಲ. "ಪ್ಯಾರಿಸ್ ಪ್ಲಾನ್ ಮಾಡಲಾ ಆಂಟಿ?" ಎಂದೆ. "ಪ್ಯಾರಿಸ್ ಬೇಡ ಶ್ರೀಧರ. ಲೋತ್ ಅಂತ ಒಂದು ಜಿಲ್ಲೆ ಇದೆ, ಬರೀ ಹಳ್ಳಿಗಳು. ನಮ್ಮ ಪಠ್ಯದಲ್ಲಿ ಅದರ ಮೇಲೆ ಒಂದು ಪಾಠ ಇತ್ತು. ಬಂಡೆಗೆ ಅಂಟಿಕೊಂಡ ದೇವಸ್ಥಾನ, ನೆಲದೊಳಗೆ ಹರಿಯೋ ನದಿ, ಗುಹೆಯಲ್ಲಿ ಆದಿಮಾನವರು ಬರೆದ ಕುದುರೆಗಳು. ನೋಡದೇ ಇರೋದನ್ನ ಮೂವತ್ತು ವರ್ಷ ಪಾಠ ಮಾಡಿಬಿಟ್ಟಿದೀನಿ. ಒಂದು ಸಲ ನೋಡ್ಬೇಕು," ಎಂದರು. ನಂತರ ಮೆಲ್ಲಗೆ, "ಸ್ವಲ್ಪ ಬೇಗ ಆದ್ರೆ ಒಳ್ಳೇದು," ಎಂದೂ ಸೇರಿಸಿದರು. ವಯಸ್ಸಾದವರಿಗೆ ಎಲ್ಲದಕ್ಕೂ ಅವಸರ ಎಂದು ನಾನು ಅದನ್ನು ಹಾಳೆಯಲ್ಲಿ ಬರೆದುಕೊಳ್ಳಲಿಲ್ಲ.

ಮೂರು ವರ್ಷ ತೆಗೆದುಕೊಂಡೆ. ಮೊದಲ ವರ್ಷ ಬೇಸಿಗೆಯಲ್ಲಿ ಜನ ಜಾಸ್ತಿ ಎಂದು ಮುಂದೂಡಿದೆ. ಎರಡನೆಯ ವರ್ಷ ಆಫೀಸಿನಲ್ಲಿ ಹೊಸ ಪ್ರೋಗ್ರಾಮಿನ ರಿಲೀಸ್ ಇತ್ತು. ಮೂರನೆಯ ವರ್ಷ ನಿಜವಾಗಿ ಯಾವ ಅಡ್ಡಿಯೂ ಇರಲಿಲ್ಲ; ಗುಹೆ ಮೊದಲೋ ನದಿ ಮೊದಲೋ ಎಂಬ ಪ್ರಶ್ನೆ ಬಗೆಹರಿದಿರಲಿಲ್ಲ, ಅಷ್ಟೆ. ಆಂಟಿ ತಿಂಗಳಿಗೊಮ್ಮೆ ಫೋನು ಮಾಡಿ, "ಎಲ್ಲಿಗೆ ಬಂತಪ್ಪ?" ಎನ್ನುತ್ತಿದ್ದರು. ನಾನು ಪ್ರತಿ ಸಲವೂ, "ಇನ್ನೂ ಬೆಟರ್ ಆಗ್ತಿದೆ ಆಂಟಿ," ಎನ್ನುತ್ತಿದ್ದೆ.

ಕೊನೆಗೊಂದು ಸೆಪ್ಟೆಂಬರಿನಲ್ಲಿ ನಾನು, ಸುಧಾ, ಆಂಟಿ ಹೊರಟೆವು. ರೇಖಾ ನಮ್ಮನ್ನು ಏರ್‌ಪೋರ್ಟಿಗೆ ಬಿಡಲು ಬಂದಳು. ಒಳಗೆ ಹೋಗುವ ಹೊತ್ತಿಗೆ ಆಂಟಿ ನನ್ನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಪ್ರೀತಿಯಿಂದ ಹಿಡಿದರು ಎಂದುಕೊಂಡೆ. ರೇಖಾ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ಅಮ್ಮನಿಗೆ ಕಣ್ಣಿನ ಪ್ರೆಶರ್ ಇದೆ, ಶ್ರೀಧರ್. ನಾಲ್ಕು ವರ್ಷದಿಂದ. ಈಗ ನೇರ ಮುಂದೆ ಇರೋದು ಮಾತ್ರ, ಅದೂ ಒಂದು ಕಾಸಿನಗಲ ಕಾಣುತ್ತೆ. ಕತ್ತಲಲ್ಲಿ ಅದೂ ಇಲ್ಲ. ನಿಮಗೆ ಹೇಳ್ಬೇಡ ಅಂದಿದ್ರು. ಹೇಳಿದ್ರೆ ಪಾಪ ಅವನು ಅವಸರದಲ್ಲಿ ಪ್ಲಾನ್ ಕೆಡಿಸ್ಕೋತಾನೆ ಅಂತ."

ವಿಮಾನದ ಒಂಬತ್ತು ಗಂಟೆಯಲ್ಲಿ ನಾನು ಮೂರು ವರ್ಷಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಪಕ್ಕದ ಸೀಟಿನಲ್ಲಿ ಆಂಟಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು.

ಲೋತ್ ಜಿಲ್ಲೆ ಬಾತುಕೋಳಿಯ ಜಿಲ್ಲೆ. ಊಟದ ಪಟ್ಟಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಅದೇ. ಆಂಟಿ ತಮ್ಮ ಮೂವತ್ತು ವರ್ಷದ ಫ್ರೆಂಚನ್ನು ಮೊದಲ ಬಾರಿಗೆ ಫ್ರೆಂಚರ ಮುಂದೆ ಹೊರತೆಗೆದು, ನಾವು ಮಾಂಸ ತಿನ್ನುವುದಿಲ್ಲ ಎಂದು ಪುಸ್ತಕದಂತೆ ವಿವರಿಸಿದರು. ಬಡಿಸುವ ಹುಡುಗಿ ನಗುತ್ತ ಇಂಗ್ಲಿಷಿನಲ್ಲಿ ಉತ್ತರಿಸಿದಳು. ಆಂಟಿಯ ಮುಖ ಸ್ವಲ್ಪ ಚಿಕ್ಕದಾಯಿತು. ತಟ್ಟೆಯಲ್ಲಿ ಸೊಪ್ಪು ಬಂತು, ಸೊಪ್ಪಿನ ಮೇಲೆ ಬಾತುಕೋಳಿ. ಸ್ವಲ್ಪವೇ ಹಾಕಿದ್ದೇವೆ ಎಂದಳು ಹುಡುಗಿ. ಅಲ್ಲಿಂದ ಮುಂದೆ ಸುಧಾ ತಂದಿದ್ದ ಅವಲಕ್ಕಿ, ಚಟ್ನಿಪುಡಿಯೇ ಗತಿಯಾಯಿತು.

ರೋಕಮದೂರ್ ಎಂಬಲ್ಲಿ ಕಡಿದಾದ ಬಂಡೆಗೆ ಅಂಟಿಕೊಂಡು ಚರ್ಚುಗಳಿವೆ. ಹಿಂದೆ ಯಾತ್ರಿಕರು ಮೊಣಕಾಲಲ್ಲಿ ಹತ್ತುತ್ತಿದ್ದರಂತೆ. ಆಂಟಿ ಗೋಡೆ ಹಿಡಿದುಕೊಂಡು, ಇನ್ನೂರು ಚಿಲ್ಲರೆ ಮೆಟ್ಟಿಲನ್ನೂ ಕಾಲಲ್ಲಿ ತಡವಿ ತಡವಿ ಹತ್ತಿದರು. ಮೇಲೆ ನಿಂತು, "ಏನು ಕಾಣ್ತಿದೆ ಹೇಳು," ಎಂದರು.

"ತುಂಬ ಚೆನ್ನಾಗಿದೆ ಆಂಟಿ."

"ಇದು ಉತ್ತರ ಅಲ್ಲ ಕಣೋ. ಪರೀಕ್ಷೇಲಿ ಹೀಗೆ ಬರೆದವರಿಗೆ ನಾನು ಸೊನ್ನೆ ಕೊಡ್ತಿದ್ದೆ."

ನಾನು ಇನ್ನೊಮ್ಮೆ ನೋಡಿದೆ. ಆದರೆ ಹನ್ನೆರಡೂವರೆಗೆ ಕೆಳಗಿಳಿದು ಕಾರು ಹತ್ತದಿದ್ದರೆ ನೆಲದೊಳಗಿನ ನದಿಯ ದೋಣಿ ತಪ್ಪುತ್ತಿತ್ತು. ನಾನು ಗಡಿಯಾರ ನೋಡಿಕೊಂಡೆ. ಕೊನೆಗೆ ಸುಧಾಳೇ ಕೈಹಿಡಿದು, ಕೆಳಗಿನ ಕಣಿವೆ, ಹೆಂಚುಗಳ ಬಣ್ಣ, ಯಾರದೋ ಅಂಗಳದಲ್ಲಿ ಒಣಗುತ್ತಿದ್ದ ಹಾಸಿಗೆ ಬಟ್ಟೆ ಎಲ್ಲವನ್ನೂ ಹೇಳಿದಳು.

ಮರುದಿನ ಪೆಶ್ ಮೆರ್ಲ್ ಗುಹೆ. ತಲೆನೋವೆಂದು ಸುಧಾ ಒಳಗೆ ಬರಲಿಲ್ಲ. ಮಂದ ಬೆಳಕು, ಆಂಟಿಗೆ ಅಲ್ಲಿ ಏನೇನೂ ಕಾಣುವಂತಿರಲಿಲ್ಲ. ಫೋಟೋ ತೆಗೆಯಕೂಡದು ಎಂದಾಗ ನನಗೆ ಕೈ ಕಟ್ಟಿಹಾಕಿದಂತಾಯಿತು. ಗೈಡ್ ಫ್ರೆಂಚಿನಲ್ಲಿ ಏನೋ ಹೇಳುತ್ತಿದ್ದ. ಎಲ್ಲರೂ ಗೋಡೆಯ ಮುಂದೆ ನಿಂತರು. ಆಂಟಿ ನನ್ನ ತೋಳು ಹಿಡಿದು ಕೇಳಿದರು: "ಬಂದ್ವಾ?"

"ಹೂಂ ಆಂಟಿ. ಕುದುರೆಗಳು. ಎರಡು. ಮೈತುಂಬ ಕಪ್ಪು ಚುಕ್ಕೆ."

"ಯಾವ ಕಡೆ ಮುಖ ಮಾಡಿವೆ?"

ಅಷ್ಟರಲ್ಲಿ ನಾನು ತಿರುಗಿ, ಹೊರಗೆ ಹೋಗುವ ದಾರಿ ಎಲ್ಲಿ, ಮುಂದಿನ ಊರಿಗೆ ಎಷ್ಟು ಹೊತ್ತಾಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. "ಎದುರುಬದುರು," ಎಂದುಬಿಟ್ಟೆ. "ಮೂತಿಗೆ ಮೂತಿ ತಾಗಿಸಿಕೊಂಡು ನಿಂತಿವೆ."

"ಸರಿ, ನಡಿ," ಎಂದರು ಆಂಟಿ.

ಸಂಕ್ರಾಂತಿಯ ಹೊತ್ತಿಗೆ ಆಂಟಿಗೆ ಬೆಳಕು, ನೆರಳು ಎರಡೇ ಉಳಿದಿದ್ದವು. ಎಳ್ಳು ಬೀರಲು ಬಂದವರಿಗೆಲ್ಲ ಅವರು ಲೋತ್ ಜಿಲ್ಲೆಯ ಕಥೆ ಹೇಳಿದರು. "ಎರಡು ಕುದುರೆ, ಮೂತಿಗೆ ಮೂತಿ ತಾಗಿಸಿಕೊಂಡು. ಸಾವಿರಾರು ವರ್ಷದಿಂದ ಹಾಗೇ ಮಾತಾಡಿಕೊಂಡು ನಿಂತಿವೆ," ಎಂದು ಕೈಯಲ್ಲಿ ತೋರಿಸುತ್ತಿದ್ದರು. ಹೆಂಗಸರು ಕಣ್ಣು ಒರೆಸಿಕೊಂಡರು.

ಕೆಲವು ದಿನ ಬಿಟ್ಟು, ಕಾಫಿ ಬಿಸಿಯಾಗಲೆಂದು ಕಾಯುತ್ತ ನಿಂತಿದ್ದಾಗ ಸುಧಾ ಗುಹೆಯ ಹೊರಗಿನ ಅಂಗಡಿಯಲ್ಲಿ ಕೊಂಡು ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಸಿದ್ದ ಚಿತ್ರದ ಕಾರ್ಡು ಕಣ್ಣಿಗೆ ಬಿತ್ತು. ನಾಲ್ಕು ತಿಂಗಳಿಂದ ಅಲ್ಲೇ ಇತ್ತು. ಕುದುರೆಗಳು ಒಂದಕ್ಕೊಂದು ಬೆನ್ನು ಹಾಕಿಕೊಂಡು, ಒಂದು ಆ ಕಡೆಗೆ, ಇನ್ನೊಂದು ಈ ಕಡೆಗೆ ಮುಖ ಮಾಡಿದ್ದವು.

ಅವತ್ತೇ ಕ್ಯಾರಲ್ಟನ್‌ಗೆ ಹೋದೆ. ಆಂಟಿ ಕಿಟಕಿಯ ಪಕ್ಕ ಕೂತಿದ್ದರು. ತಪ್ಪೊಪ್ಪಿಗೆಯನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದೆ, ಹೇಳಿದ್ದು ಮಾತ್ರ, "ಆಂಟಿ, ಆ ಕುದುರೆಗಳು..."

"ಬೆನ್ನಿಗೆ ಬೆನ್ನು," ಎಂದರು ಆಂಟಿ. "ಮೂವತ್ತು ವರ್ಷ ಪಾಠ ಮಾಡಿದೀನಲ್ಲಪ್ಪ. ಆ ಗೈಡೂ ಪಕ್ಕದಲ್ಲೇ ಹೇಳ್ತಿದ್ದ."

"ಮತ್ತೆ ನನ್ನನ್ನ ಯಾಕೆ ಕೇಳಿದ್ರಿ?"

"ಪುಸ್ತಕದ್ದು ನನಗೆ ಗೊತ್ತಿತ್ತು. ಕಣ್ಣಲ್ಲಿ ಕಂಡದ್ದು ಬೇಕಾಗಿತ್ತು."

"ಹಾಗಿದ್ರೆ ಎಲ್ಲರಿಗೂ ಸುಳ್ಳು ಯಾಕೆ ಹೇಳ್ತಿದೀರಿ ಆಂಟಿ?"

ಅವರು ಧ್ವನಿ ಬಂದ ಕಡೆಗೆ, ಅಂದರೆ ನನಗಿಂತ ಒಂದಿಷ್ಟು ಪಕ್ಕಕ್ಕೆ, ಮುಖ ತಿರುಗಿಸಿದರು. "ಅಷ್ಟು ದೂರ ಹೋಗಿ ತಂದದ್ದು ನೀನು ಹೇಳಿದ್ದೊಂದೇ ತಾನೆ ಶ್ರೀಧರ. ನನ್ನ ಕಣ್ಣಿಗೆ ಕಂಡಿದ್ದರೆ ಅದನ್ನ ಹೇಳ್ತಿದ್ದೆ."

ಒಂದು ಗಂಟೆ ಕೂತಿದ್ದೆ. ರೇಖಾ ಕೊಟ್ಟ ಕಾಫಿ ಕುಡಿದೆ. ಏನೇನೋ ಮಾತಾಡಿದೆವು, ಕುದುರೆಗಳ ವಿಷಯ ಮತ್ತೆ ಬರಲಿಲ್ಲ. ಬದುಕಿನಲ್ಲಿ ಇನ್ನು ಮುಂದಾದರೂ ಎದುರಿಗಿರುವುದನ್ನು ಕಣ್ಣುಬಿಟ್ಟು ನೋಡಬೇಕು ಎಂದು ಗಟ್ಟಿಯಾಗಿ ನಿಶ್ಚಯಿಸಿಕೊಂಡು, ಆ ನಿಶ್ಚಯದ ಭಾರದಲ್ಲೇ ಅಲೆನ್‌ಗೆ ಕಾರು ಓಡಿಸಿಕೊಂಡು ಬಂದೆ. ಬಾಗಿಲು ತೆಗೆದ ಸುಧಾ ಕೇಳಿದಳು: "ಆಂಟಿ ತುಂಬ ಸೊರಗಿದಾರೆ ಅಂತ ರೇಖಾ ಹೇಳ್ತಿದ್ಲು. ಹೌದಾ?"

ನಾನು ಚಪ್ಪಲಿ ಬಿಡುತ್ತ ಬಹಳ ಹೊತ್ತು ಯೋಚಿಸಿದೆ. ನನಗೆ ಗೊತ್ತಿರಲಿಲ್ಲ.